ತಡೀರಿ, ಕರೆಂಟ್ ಬರ್ಲಿ

ಹುಕ್ಕೇರಿ ಕಡೆಯ ನಮ್ಮ ಕಚೇರಿಗೆ ಹೊಲದ ಪಹಣಿ ಕೊಡುವ ಕಂಪ್ಯೂಟರ್ ಬಂದ ಹೊಸದರಲ್ಲಿ, ಅದರ ಮುಂದೆ ಕೂಡುತ್ತಿದ್ದವರನ್ನು ರೈತರೆಲ್ಲ ಕಂಪ್ಯೂಟರ್ ಅಕ್ಕಾರು ಎನ್ನುತ್ತಿದ್ದರು. ಕಿಟಕಿಯಾಚೆ ಎಷ್ಟೇ ಗದ್ದಲವಾಗಲಿ, ಅವರು ಕಣ್ಣುಜ್ಜಿಕೊಂಡು ಒಂದೇ ಮಾತು ಹೇಳುತ್ತಿದ್ದರು: "ತಡೀರಿ, ಕರೆಂಟ್ ಬರ್ಲಿ." ಕರೆಂಟ್ ಬಂದರೆ ನಿಟ್ಟುಸಿರು ಬಿಟ್ಟು, ಸೆರಗಿನಿಂದ ಪರದೆಯ ಧೂಳು ಒರೆಸಿ ಮತ್ತೆ ಶುರು ಮಾಡುವರು.

ಒಂದು ಸಂಜೆ, ಸಾಲು ಕರಗಿದ ಮೇಲೆ, ಒಬ್ಬ ಮುದುಕ ಒಳಗೆ ಬಂದ. ಹಿಡಕಲ್ ಡ್ಯಾಮಿನ ನೀರಿನಲ್ಲಿ ಮುಳುಗಿದ ಊರಿನವನು.

"ಕಾಗದ ಬ್ಯಾಡ್ರಿ ಅಕ್ಕಾರ. ನಮ್ಮಪ್ಪನ ಹೆಸರು ಇದರಾಗ ಹೆಂಗ ಕಾಣತೈತಿ, ಒಮ್ಮೆ ತೋರಸ್ರಿ ಸಾಕು."

ಮುಳುಗಿದ ಹೊಲಗಳನ್ನು ಯಾರೂ ಕಂಪ್ಯೂಟರಿಗೆ ಏರಿಸಿರಲಿಲ್ಲ. ಪಕ್ಕದ ಮೇಜಿನ ನನಗೂ ಅದು ಗೊತ್ತಿತ್ತು. ಆದರೂ ಅಕ್ಕಾರು ಅವನು ಹೇಳಿದ ಸರ್ವೆ ನಂಬರ್ ಒತ್ತಿದರು. ಖಾಲಿ ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೆಲ್ಲನೆ ಗುಂಡಿ ಒತ್ತಿ ಅದನ್ನು ಆರಿಸಿದರು.

"ಕರೆಂಟ್ ಹೋತ್ರಿ, ಅಜ್ಜಾರ."

ಮುದುಕ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ. ಅಕ್ಕಾರ ಮುಖ ನೋಡಿದ.

"ಇರ್ಲಿ ಬಿಡವಾ," ಎಂದು ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡ. "ಬಂದಾಗ ನೋಡೂಣಂತ."