ಕುಶಾಲಪ್ಪನ ತಿಂಗಳ ಇಂಜೆಕ್ಷನ್

ವಾಮದಪದವಿನ ಇದಿನಬ್ಬಾಕನ ರಬ್ಬರ್ ತೋಟದಲ್ಲಿ ಕುಶಾಲಪ್ಪನಷ್ಟು ಹದವಾಗಿ ಟ್ಯಾಪಿಂಗ್ ಮಾಡುವವರು ಬೇರೆ ಇರಲಿಲ್ಲ. ತೊಗಟೆಯನ್ನು ತೆಳುವಾಗಿ ಗೀರಬೇಕು. ಕಡಿಮೆಯಾದರೆ ಹಾಲು ಬಾರದು. ಕತ್ತಿ ಒಳಗಿನ ಮರಕ್ಕೆ ತಾಗಿದರೆ ಅಲ್ಲಿ ಗಂಟು ಬಿದ್ದು, ಮತ್ತೆ ಗೀರಲಿಕ್ಕಾಗದು. ಇಪ್ಪತ್ತೆರಡರ ಹರೆಯದಲ್ಲೇ ಅವನು ದಿನಕ್ಕೆ ಮುನ್ನೂರು ಮರ ಮುಗಿಸುತ್ತಿದ್ದ.

ಆ ವರ್ಷ ಮಳೆಗಾಲ ಕಳೆದ ಮೇಲೆ ಮರಗಳ ಹಿಂದಿನಿಂದ ಯಾರೋ ಅವನ ಹೆಸರು ಕರೆಯತೊಡಗಿದರು. ತಿರುಗಿದರೆ ಯಾರೂ ಇಲ್ಲ. ವಾರ ಕಳೆದಂತೆ ಆ ಧ್ವನಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡವು. "ಇವನ ನೀರಿಗೆ ಆಸಿಡ್ ಹಾಕಿದ್ದಾರೆ, ಅಕ್ಕನಿಗೂ ಗೊತ್ತುಂಟು" ಎಂದು. ರಬ್ಬರ್ ಹಾಲು ಗಟ್ಟಿಮಾಡುವ ಆಸಿಡ್ ತೋಟದ ಶೆಡ್ಡಿನಲ್ಲಿ ಇದ್ದೇ ಇತ್ತು. ಅದನ್ನು ನೋಡಿದಾಗಲೆಲ್ಲ ಅವನಿಗೆ ಆ ಮಾತು ನಿಜವೆನ್ನಿಸುತ್ತಿತ್ತು. ನೀರು ಬಿಟ್ಟ, ಊಟ ಬಿಟ್ಟ.

ಮನೆಯಲ್ಲಿದ್ದವರು ಗಂಡನನ್ನು ಕಳೆದುಕೊಂಡ ಅಕ್ಕ ದಮಯಂತಿ ಮತ್ತು ಅವಳ ಪುಟ್ಟ ಮಗಳು ದೀಪಶ್ರೀ. ದಮಯಂತಿ ದೈವಕ್ಕೆ ಹರಕೆ ಹೇಳಿದಳು, ತಮ್ಮನ ಕೈಗೆ ನೂಲು ಕಟ್ಟಿಸಿದಳು. ಕೊನೆಗೆ ಇದಿನಬ್ಬಾಕನೇ ತನ್ನ ಜೀಪಿನಲ್ಲಿ ಇಬ್ಬರನ್ನೂ ಮಂಗಳೂರಿಗೆ ಕರೆದುಕೊಂಡು ಹೋದ. ಸ್ಕಿಜೋಫ್ರೇನಿಯಾ ಎಂಬ ಮನಸ್ಸಿನ ಕಾಯಿಲೆ ಎಂದರು ಅಲ್ಲಿನ ಡಾಕ್ಟರು. ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಧ್ವನಿಗಳು ದೂರವಾದವು. ಗುಣವಾಯಿತೆಂದು ಕುಶಾಲಪ್ಪ ಮಾತ್ರೆ ನಿಲ್ಲಿಸಿದ, ಅವು ತಿರುಗಿ ಬಂದವು. ಇನ್ನೊಮ್ಮೆಯೂ ಹಾಗೆಯೇ ಆಯಿತು. ಆ ಸಲ ಅವನು ಮೂರು ದಿನ ಕಾಣೆಯಾಗಿ, ವೇಣೂರಿನ ಹೊಳೆಬದಿಯಲ್ಲಿ ಬರಿಗಾಲಿನಲ್ಲಿ ಸಿಕ್ಕಿದ. ಅಲ್ಲಿಂದ ಮುಂದೆ ಮಾತ್ರೆಯ ಬದಲು ತಿಂಗಳಿಗೊಂದು ಇಂಜೆಕ್ಷನ್.

ಹದಿನೇಳು ವರ್ಷ ಅಕ್ಕ ತಮ್ಮ ಒಂದು ತಿಂಗಳೂ ತಪ್ಪಿಸದೆ ಬಂಟ್ವಾಳದ ಆಸ್ಪತ್ರೆಗೆ ಬಸ್ಸು ಹತ್ತಿದರು. ಧ್ವನಿಗಳು ಮತ್ತೆ ಬರಲಿಲ್ಲ. ಆದರೆ ಇಂಜೆಕ್ಷನಿನಿಂದ ಮೈ ದಪ್ಪವಾಯಿತು. ಬೆಳಿಗ್ಗೆ ಎಷ್ಟು ಕರೆದರೂ ಎಚ್ಚರವಾಗದು. ಬಲಗೈ ನಡುಗತೊಡಗಿ, ಒಳ್ಳೆಯ ಮರಗಳಿಗೆಲ್ಲ ಗಾಯ. ಇದಿನಬ್ಬಾಕ ಬೈಯಲಿಲ್ಲ. "ನೀನು ಇನ್ನು ರಬ್ಬರ್ ಶೀಟು ಒಣಗಿಸುವ ಕೆಲಸ ನೋಡಿಕೋ ಮಾರಾಯ" ಎಂದ. ಕುಶಾಲಪ್ಪನಿಗೆ ಬೈದಿದ್ದರೇ ವಾಸಿಯಿತ್ತು.

"ಇಂಜೆಕ್ಷನ್ ಬಿಡ್ತೇನೆ ಅಕ್ಕ" ಎಂದ ಒಂದು ದಿನ.

ದಮಯಂತಿಗೆ ವೇಣೂರಿನ ಹೊಳೆಬದಿ ನೆನಪಾಯಿತು. ಆದರೂ ಬೇಡವೆನ್ನಲಿಲ್ಲ. "ಬಿಡುವ ಮೊದಲು ಡಾಕ್ಟರಲ್ಲಿ ಒಂದು ಮಾತು ಹೇಳುವ. ಇಷ್ಟು ವರ್ಷ ನೀನು ಅವರ ಹತ್ತಿರ ಬಾಯೇ ಬಿಡಲಿಲ್ಲ" ಎಂದಳು.

ಅದು ನಿಜವಾಗಿತ್ತು. ಹೇಗಿದ್ದೀರಿ ಎಂದು ಯಾರು ಕೇಳಿದರೂ ಅವನದು ಒಂದೇ ಉತ್ತರ, "ಪರವಾಗಿಲ್ಲ." ಈ ಸಲ ಹೊಸದಾಗಿ ಬಂದಿದ್ದ ಡಾಕ್ಟರ್ ಹಸ್ನಾ ಅವರ ಮೇಜಿನ ಮೇಲೆ ಅವನು ಗಾಯವಾದ ತೊಗಟೆಯ ಚೂರೊಂದನ್ನು ಇಟ್ಟ.

"ಇದು ನನ್ನ ಕೈ ಮಾಡಿದ್ದು ಮೇಡಂ. ತಲೆ ಸರಿ ಉಂಟು, ಕೈ ಹೋಯ್ತು. ಹೀಗೆ ಬದುಕಿ ಏನು?"

ಅವರು ಚೂರನ್ನು ತಿರುಗಿಸಿ ನೋಡಿದರು. ಕೈ ಚಾಚಲು ಹೇಳಿ ನಡುಕ ಪರೀಕ್ಷಿಸಿದರು. "ಒಮ್ಮೆಲೇ ಬಿಟ್ಟರೆ ಕಾಯಿಲೆ ಮರಳುವ ಸಾಧ್ಯತೆ ಹೆಚ್ಚು. ನಿಮಗೇ ಎರಡು ಸಲ ಹಾಗಾಗಿದೆ. ಡೋಸನ್ನು ಸ್ವಲ್ಪ ಸ್ವಲ್ಪವೇ ಇಳಿಸುವ. ಧ್ವನಿ ಕೇಳಿದ ದಿನವೇ ನೀವು ಹೇಳಬೇಕು. ಅಕ್ಕ ಅಲ್ಲ, ನೀವು."

ಇಳಿಸುತ್ತಾ ಹೋದರು. ಐದನೇ ತಿಂಗಳಿಗೆ ಕುಶಾಲಪ್ಪ ತಾನಾಗಿ ಐದೂವರೆಗೆ ಎದ್ದ. ಎಂಟನೇ ತಿಂಗಳಲ್ಲಿ ಲೋಟ ಹಿಡಿದರೆ ಚಹಾ ತುಳುಕುತ್ತಿರಲಿಲ್ಲ. ಹತ್ತನೇ ತಿಂಗಳ ಒಂದು ಮಧ್ಯಾಹ್ನ ಅವನು ಅಡುಗೆಕೋಣೆಯ ಬಾಗಿಲಲ್ಲಿ ಬಂದು ನಿಂತ.

"ಅಕ್ಕ, ನಿನ್ನೆಯಿಂದ ಶೆಡ್ಡಿನ ಹಿಂದೆ ಮಾತು ಕೇಳ್ತದೆ. ಯಾರೂ ಇಲ್ಲ ಅಂತ ಗೊತ್ತುಂಟು. ಆದರೂ ಕೇಳ್ತದೆ. ನಾಳೆ ಬಂಟ್ವಾಳಕ್ಕೆ ಹೋಗುವ."

ದಮಯಂತಿ ಅತ್ತಳು. ಹೆದರಿಕೆಯಿಂದಲೋ ಸಮಾಧಾನದಿಂದಲೋ ಅವಳಿಗೇ ಗೊತ್ತಾಗಲಿಲ್ಲ.

ಡೋಸನ್ನು ಒಂದು ಮೆಟ್ಟಿಲು ಮೇಲಕ್ಕೆ ಏರಿಸಿದರು. ಮಾತು ನಿಂತಿತು. ನಡುಕ ಸ್ವಲ್ಪ ಮರಳಿತು, ಮೊದಲಿನಷ್ಟಲ್ಲ. ಇದಿನಬ್ಬಾಕ ಗುಡ್ಡದ ಬದಿಯ ನೂರು ಮರ ಅವನಿಗೆ ಬಿಟ್ಟುಕೊಟ್ಟ. ಎರಡು ವರ್ಷದಲ್ಲಿ ಕಡಿಯಬೇಕಾದ ಹಳೆಯ ಮರಗಳು, ಕತ್ತಿ ತಪ್ಪಿದರೂ ನಷ್ಟವಿಲ್ಲ. ಹಾಗೆ ಕೊಟ್ಟದ್ದೆಂದು ಕುಶಾಲಪ್ಪನಿಗೂ ತಿಳಿದಿತ್ತು. ಒಂದು ದಿನ ಮುಖ ದಪ್ಪಗೆ ಮಾಡಿಕೊಂಡು ಕೂತ, ಮರುದಿನ ಕತ್ತಿ ಮಸೆದ.

ಮೂಡಬಿದಿರೆಗೆ ಮದುವೆಯಾಗಿ ಹೋಗಿದ್ದ ದೀಪಶ್ರೀಗೆ ಕಳೆದ ಡಿಸೆಂಬರಿನಲ್ಲಿ ಹೆರಿಗೆಯಾಯಿತು. ದಮಯಂತಿ ಅಲ್ಲಿಗೆ ಹೋಗಿ ಮೂರು ದಿನವಾಗುವಾಗ ತಮ್ಮನ ಇಂಜೆಕ್ಷನಿನ ತಾರೀಕು, ಅವನು ಒಬ್ಬನೇ ಹೋಗುವುದು ಇದೇ ಮೊದಲು. ಬೆಳಿಗ್ಗೆಯಿಂದ ಅವಳ ಕಣ್ಣು ಫೋನಿನ ಮೇಲೆಯೇ. ಹನ್ನೆರಡಕ್ಕೆ ಅದು ರಿಂಗಾಯಿತು.

"ಹಾಕಿಸಿಕೊಂಡೆ ಅಕ್ಕ. ಬಸ್‌ಸ್ಟ್ಯಾಂಡಿನಲ್ಲಿದ್ದೇನೆ."

"ನಾನು ನಾಳೆ ಬರ್ತೇನೆ."

"ಯಾಕೆ ಅರ್ಜೆಂಟು? ಮಗುವಿಗೆ ನಾಲ್ಕು ದಿನ ಎಣ್ಣೆ ಹಚ್ಚಿ ಮೀಯಿಸಿ ಬಾ" ಎಂದು ಅವನು ಫೋನಿಟ್ಟ.

ದಮಯಂತಿ ಮತ್ತೆ ಒಂದು ವಾರ ಉಳಿದಳು.