ಹೊರಸಿನ ಮೇಲೆ ಕಳೆದ ಕೊನೆಯ ಸೆಮಿಸ್ಟರ್

ಹಮಾಲರ ಮನೆಯಲ್ಲಿ ಡಿಗ್ರಿ ಆಗುವುದು ಸುಳ್ಳು ಎಂದವನು ನಮ್ಮ ಸೋದರಮಾವ. ಅವ್ವನ ಬೆನ್ನಿಗೆ ಬಿದ್ದ ತಮ್ಮ, ಲಕ್ಷ್ಮೇಶ್ವರದಲ್ಲಿ ಕಿರಾಣಿ ಅಂಗಡಿ ಇಟ್ಟವನು. ಕೆಟ್ಟ ಮನುಷ್ಯನಲ್ಲ, ಬಂದಾಗಲೆಲ್ಲ ಚುನಮುರಿ, ಬೆಲ್ಲ ತರುತ್ತಿದ್ದ. ಆದರೆ ನಾನು ಬಿ.ಎ.ಗೆ ಹೆಸರು ಹಚ್ಚಿದ ವಾರ ನಮ್ಮ ಪಡಸಾಲೆಯಲ್ಲಿ ಕುಂತು, ಬಸಿಗೆ ಚಹಾ ಸುರುವಿಕೊಳ್ಳುತ್ತ, "ಅಕ್ಕಾ, ಇಂವ ಒಂದೆರಡು ವರ್ಷ ಹೋಗ್ತಾನ. ಆಮ್ಯಾಲೆ ಅಪ್ಪನ ಕೊಂಡಿನ ಹಿಡೀತಾನ. ಬರದಿಟ್ಕೋ" ಎಂದ. ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ. ಖಾಲಿ ಬಸಿ ಎತ್ತಿಕೊಂಡು ಒಳಗೆ ಹೋದಳು.

ಕೊಂಡಿ ಎಂದರೆ ಚೀಲಕ್ಕೆ ಸಿಗಿಸಿ ಎಳೆಯುವ ಕಬ್ಬಿಣದ ಕೊಕ್ಕೆ. ಅಪ್ಪ ಮುಂಡರಗಿ ಮಾರ್ಕೆಟ್ಟಿನಲ್ಲಿ ಹಮಾಲ. ನಾನು ದಿನಾ ಡಂಬಳದ ಮೇಲಿಂದ ಬಸ್ಸಿನಲ್ಲಿ ಗದಗಿಗೆ ಹೋಗಿ ಕಾಲೇಜು ಮಾಡುತ್ತಿದ್ದೆ, ಸೂಟಿ ಬಿದ್ದಾಗ ಅಪ್ಪನ ಜೋಡಿ ಚೀಲ ಹೊರುತ್ತಿದ್ದೆ. ಮಾವ ಹೇಳಿದ ಗಡುವು ದಾಟಿತು. ಕೊನೆಯ ಸೆಮಿಸ್ಟರ್ ಬಂತು. ಅದರ ಜೊತೆಗೇ ಉಳ್ಳಾಗಡ್ಡಿ ಹಂಗಾಮೂ ಬಂತು. ಒಂದು ಲಾರಿ ತುಂಬಿ ಮನೆಗೆ ಬಂದು ಜಳಕ ಮಾಡುವಾಗ ತೊಡೆಯ ಸಂದಿಯಲ್ಲಿ ಒಂದು ಗಂಟು ಕೈಗೆ ಹತ್ತಿತು. ಮಲಗಿದರೆ ಒಳಗೆ ಹೋಗುತ್ತಿತ್ತು, ಕೆಮ್ಮಿದರೆ ಹೊರಗೆ ಬರುತ್ತಿತ್ತು. ಗದಗಿನ ಡಾಕ್ಟರು ಮುಟ್ಟಿ ನೋಡಿ, "ಹರ್ನಿಯಾ. ತಡಾ ಮಾಡೂವಂಗಿಲ್ಲ" ಎಂದರು.

ಆಪರೇಶನ್ ಆಯಿತು. ಮನೆಗೆ ಕಳಿಸುವ ಮುಂಜಾನೆ ಡಾಕ್ಟರು ನನಗೆ ಹೇಳಿದ್ದಕ್ಕಿಂತ ಅಪ್ಪನಿಗೆ ಹೇಳಿದ್ದೇ ಹೆಚ್ಚು.

"ಭಾರ ಎತ್ತಬಾರದು. ಕುಕ್ಕರಗಾಲಿಲೆ ಕುಂಡ್ರಬಾರದು. ಮುಕ್ಕರಿಬಾರದು. ಕೆಮ್ಮು ಬಂದ್ರ ಹೊಲಿಗಿ ಮ್ಯಾಲೆ ಕೈ ಒತ್ತಿ ಹಿಡದು ಕೆಮ್ಮಬೇಕು. ಸದ್ಯಕ್ಕ ಮೆಟ್ಟಿಲಾ ಬ್ಯಾಡ, ಬಸ್ಸು ಬ್ಯಾಡ."

"ಭಾರ ಅಂದ್ರ ಎಷ್ಟ ಭಾರ್ರಿ ಸಾಹೇಬ್ರ?" ಎಂದ ಅಪ್ಪ.

"ಈಗ ತುಂಬಿದ ಕೊಡಾ ಸೈತ ಎತ್ತಬಾರದು."

ಅಪ್ಪ ನನ್ನ ಮುಖ ನೋಡಿದ, ಡಾಕ್ಟರ ಮುಖ ನೋಡಿದ. "ಕೊಡಾ ಭಾರ ಅಲ್ಲಲ್ರಿ?" ಎಂದು ಖರೇನೆ ಕೇಳಿದ. ನರ್ಸಮ್ಮ ನಕ್ಕಳು. ಅಪ್ಪ ನಗಲಿಲ್ಲ. "ಮತ್ತ ಚೀಲಾ ಯಾವಾಗಿಂದ ಹೊರಬೌದ್ರಿ?"

"ಚೀಲಾ ಇನ್ನ ಮರತಬಿಡ್ರಿ. ಇಂವ ಸಾಲಿ ಕಲ್ತಾನಲ್ಲ, ಚೀಲಾ ಯಾಕ ಬೇಕು?"

ಡಾಕ್ಟರು ಸಮಾಧಾನಕ್ಕೆ ಹೇಳಿದ ಮಾತು ಅದು. ನನಗೆ ಅದರಿಂದ ಸಮಾಧಾನ ಆಗಲಿಲ್ಲ. ಸಾಲಿ ಇನ್ನೂ ಮುಗಿದಿರಲಿಲ್ಲ. ಪರೀಕ್ಷೆ ಮುಂದಿನ ತಿಂಗಳಿತ್ತು. ಇಷ್ಟು ದಿವಸ ನನಗೆ ಒಂದು ಧೈರ್ಯ ಇತ್ತು: ಓದು ಕೈಕೊಟ್ಟರೆ ಬೆನ್ನಾದರೂ ಐತಿ. ಆ ಬೆನ್ನು ಆವತ್ತು ಹೋಯಿತು. ಪರೀಕ್ಷೆಯೂ ಹೋದರೆ ಆ ಮನೆಯಲ್ಲಿ ನಾನು ಎದಕ್ಕೂ ಬಾರದ ಒಂದು ಬಾಯಿ, ಅಷ್ಟೇ.

ಮನೆಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಎಲ್ಲ ತಯಾರಿ ಮಾಡಿ ಕುಂತಿದ್ದಳು. ನಮ್ಮ ಓಣಿಯ ಎಷ್ಟೋ ಹೆಣ್ಣುಮಕ್ಕಳ ಬಾಣಂತನ ಮಾಡಿದ ಕೈ ಅದು. ಹೊಟ್ಟೆಯ ಹತ್ತಿರ ಕೊಯ್ದಾರೆ ಎಂದರೆ ಅವಳಿಗೆ ಗೊತ್ತಿದ್ದ ಆರೈಕೆ ಒಂದೇ. ಒಳಗಿನ ಖೋಲಿಯಲ್ಲಿ ಹೊರಸು, ಅಂದರೆ ಹಗ್ಗದ ಮಂಚ, ಹಾಕಿಸಿ, ಕಿಟಕಿ ಮುಚ್ಚಿಸಿ, ಬಾಗಿಲಿಗೆ ಕೌದಿ ಕಟ್ಟಿಸಿದ್ದಳು. ನನ್ನ ಕಿವಿಗೆ ಹತ್ತಿ ತುರುಕಿ, ತಲೆಗೆ ಅಪ್ಪನ ಹಳೆಯ ಧೋತರದ ತುಂಡು ಸುತ್ತಿದಳು. ಹೊಲಿಗೆಯ ಮೇಲ್ಗಡೆ, ಹೊಕ್ಕಳದ ಸುತ್ತ, ತನ್ನದೊಂದು ಮೆತ್ತನೆಯ ಸೀರೆ ಬಿಗಿದು ಕಟ್ಟಿದಳು. ಹೊರಸಿನ ಕೆಳಗೆ ಕೆಂಡ ಇಟ್ಟು ಲೋಬಾನ ಹಾಕಿದಳು. ತಿನ್ನಲು ಅಂಟಿನ ಉಂಡಿ, ಕೊಬ್ಬರಿ, ಉತ್ತತ್ತಿ, ಒಣರೊಟ್ಟಿ. ನೀರು ಮಾತ್ರ ಗುಟುಕು, ಅದೂ ಕುದಿಸಿದ್ದು.

"ಆಯಿ, ನೀರಡಿಕಿ ಆಗೇತಿ."

"ಹಸಿ ಮೈಗೆ ನೀರು ಕುಡದ್ರ ಹೊಟ್ಟಿ ಬರ್ತೈತಿ. ಸುಮ್ಮ ಬೀಳು."

ಓಣಿಯ ಹೆಣ್ಣುಮಕ್ಕಳು ನೋಡಲು ಬಂದರು. ಬಾಗಿಲ ಕೌದಿ ಸರಿಸಿ, ತಲೆಗೆ ಬಟ್ಟೆ ಸುತ್ತಿಕೊಂಡು ಹೊಗೆಯಲ್ಲಿ ಬಿದ್ದ ನನ್ನನ್ನು ಕಂಡು ಪಕ್ಕದ ಮನೆಯ ದೊಡ್ಡವ್ವ, "ಏನು ಹಡದ್ಯೋ ತಮ್ಮಾ, ಗಂಡೋ ಹೆಣ್ಣೋ?" ಎಂದಳು.

ಆಯಿ ಬಿಡಲಿಲ್ಲ. "ಬಿ.ಎ. ಹಡೀತಾನವಾ. ಇನ್ನೂ ತಿಂಗಳು ತುಂಬಿಲ್ಲ."

ನನಗೆ ನಗು ಬಂತು. ನಕ್ಕರೆ ಹೊಲಿಗೆ ಹರಿದಂತೆ ನೋವು. ಎರಡೂ ಕೈಯಿಂದ ಒತ್ತಿ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು, "ನಗಸಬ್ಯಾಡ್ರಬೇ" ಎಂದೆ. ಅದಕ್ಕೆ ಅವರು ಇನ್ನಷ್ಟು ನಕ್ಕರು.

ಅವರು ಹೋದ ಮೇಲೆ ಉಳಿಯುತ್ತಿದ್ದದ್ದು ಹೊರಸು, ಹೊಗೆ ಮತ್ತು ನಾನು. ನಳ ಬಿಟ್ಟ ದಿವಸ ಅವ್ವ ಬಾಗಿಲ ಮುಂದೆ ಕೊಡ ಹೊತ್ತು ಓಡಾಡುವುದು ಕೇಳಿಸುತ್ತಿತ್ತು. ಒಂದು ಕೊಡ ಇಳಿಸಿ, ಉಸ್ ಎಂದು ಸೊಂಟ ಹಿಡಿದುಕೊಂಡು, ಮತ್ತೆ ಹೋಗುತ್ತಿದ್ದಳು. ನೂರು ಕಿಲೋದ ಚೀಲ ಹೊತ್ತವನು ನಾನು. ಒಮ್ಮೆ ತಡೆಯಲಾರದೆ ಎದ್ದು ಹೋಗಿ ಕೊಡಕ್ಕೆ ಕೈ ಹಾಕಿದೆ. ಅವ್ವ ಕೊಡ ಅಲ್ಲೇ ಬಿಟ್ಟು ನನ್ನ ಕೈಗೆ ಫಟ್ಟನೆ ಹೊಡೆದಳು. ನೀರೆಲ್ಲ ಅಂಗಳಕ್ಕೆ ಚೆಲ್ಲಿತು. "ಉಪಕಾರ ಮಾಡಬ್ಯಾಡ, ಹೋಗಿ ಬೀಳು" ಎಂದು ಬೈದು, ಮತ್ತೆ ನಳದ ಸಾಲಿಗೆ ಹೋಗಿ ನಿಂತಳು. ನನ್ನಿಂದ ಅವಳಿಗೆ ಒಂದು ಕೊಡ ಹೆಚ್ಚಾಯಿತು.

ಓದೂ ಸುಲಭ ಇರಲಿಲ್ಲ. ಕುಂತರೆ ಹೊಲಿಗೆ ಜಗ್ಗುತ್ತಿತ್ತು, ಮಲಗಿ ಎದೆಯ ಮೇಲೆ ಇಟ್ಟುಕೊಂಡರೆ ದಪ್ಪ ಪುಸ್ತಕ ತೂಗುತ್ತಿತ್ತು. ಒಂದು ಮಧ್ಯಾಹ್ನ ಇತಿಹಾಸದ ಪುಸ್ತಕ ಕೈ ಜಾರಿ ನೆಲಕ್ಕೆ ಬಿತ್ತು. ಬಗ್ಗುವಂತಿಲ್ಲ. ಅವ್ವ ಹೊಲಕ್ಕೆ ಕಳೆ ತೆಗೆಯಲು ಕೂಲಿಗೆ ಹೋಗಿದ್ದಳು, ಅಪ್ಪ ಮಾರ್ಕೆಟ್ಟಿನಲ್ಲಿ, ಆಯಿ ಎಲ್ಲಿಯೋ ಬಾಣಂತಿಗೆ ಎರೆಯಲು. ಕೈ ಚಾಚಿದರೆ ಬೆರಳ ತುದಿಗೆ ಎರಡು ಗೇಣು ದೂರ. ಕಾಲಿನಿಂದ ಸರಿಸಿದೆ, ಅದು ಇನ್ನೂ ದೂರ ಹೋಯಿತು. ಸಂಜೆತನಕ ಅದರ ರಟ್ಟನ್ನು ನೋಡುತ್ತ ಬಿದ್ದಿದ್ದೆ. ಪುಸ್ತಕ ಇತ್ತು, ಕಣ್ಣಿತ್ತು, ಪರೀಕ್ಷೆ ಹತ್ತಿರ ಬರುತ್ತಿತ್ತು.

ಅಪ್ಪ ಬಂದವನು ಕತೆ ಕೇಳಿದ. ಈಳಿಗೆ ತಂದು ಪುಸ್ತಕದ ಬೆನ್ನು ಸೀಳಿದ. ನಾನು "ಏ ಅಪ್ಪಾ!" ಎಂದು ಕೂಗಿದೆ. ಅವನು ಅದನ್ನು ತೆಳ್ಳನೆಯ ಕಟ್ಟುಗಳಾಗಿ ಬೇರೆ ಮಾಡಿ, ಚೀಲ ಹೊಲಿಯುವ ದಬ್ಬಣದಿಂದ ಒಂದೊಂದನ್ನೂ ಸುತಳಿ ಹಾಕಿ ಹೊಲಿದ. ಒಂದು ಕೈಯಲ್ಲಿ ಹಿಡಿಯುವಷ್ಟು ಹಗುರಾದವು. ಆದರೆ ಓದಲು ಬರದವನ ಹೊಲಿಗೆ, ನಡುವಿನ ಪುಟ ಹಿಂದೆ ಮುಂದೆ ಆಗಿದ್ದವು. ಅದನ್ನು ಅಪ್ಪನಿಗೆ ಗೊತ್ತಾಗಗೊಡದೆ ಪುಟ ಹುಡುಕುತ್ತ ಓದಿದೆ.

ಅಷ್ಟರಲ್ಲಿ ಉಂಡಿ, ಕೊಬ್ಬರಿ ತಮ್ಮ ಕೆಲಸ ಮಾಡಿದ್ದವು. ಹೊಟ್ಟೆ ಕಟ್ಟಿಕೊಂಡಿತು. ನಮ್ಮ ಸಂಡಾಸ ಕುಕ್ಕರಗಾಲಲ್ಲಿ ಕೂಡುವಂಥದ್ದು. ಅಪ್ಪ ಒಂದು ಪ್ಲಾಸ್ಟಿಕ್ ಖುರ್ಚಿಯ ನಡುವೆ ಕಾಸಿದ ಕುಡಗೋಲಿನಿಂದ ತೂತು ಕೊರೆದು ಕೊಟ್ಟಿದ್ದ. ಅದರ ಮೇಲೆ ಕುಂತು, ಮುಕ್ಕರಿಯಬಾರದು ಎಂದು ಗೊತ್ತಿದ್ದೂ ಮುಕ್ಕರಿದೆ. ಬೇರೆ ದಾರಿ ಇರಲಿಲ್ಲ. ಮರುದಿನ ಆಯಿಯ ಸೀರೆಯ ಕಟ್ಟಿನ ಅಂಚು ಹಸಿಯಾಗಿತ್ತು. ಹೊಲಿಗೆಯ ಒಂದು ಮೂಲೆ ಬಾಯಿ ಬಿಟ್ಟು ಹಳದಿ ನೀರು ಸೋರುತ್ತಿತ್ತು.

ಪರಿಚಯದವರ ಟಂಟಂ ಆಟೋದಲ್ಲಿ ಗಾದಿ ಹಾಸಿ ನನ್ನನ್ನು ಗದಗಿಗೆ ಒಯ್ದರು. ಆಯಿಯೂ ಹತ್ತಿದಳು. ಡಾಕ್ಟರು ಎಲ್ಲ ಕೇಳಿಕೊಂಡು, "ನೀರು ಯಾಕ ಕೊಟ್ಟಿಲ್ಲ?" ಎಂದರು.

"ಬಾಣಂತಿಗೆ ಯಾರು ನೀರು ಕುಡಸ್ತಾರ್ರೀ?" ಎಂದಳು ಆಯಿ.

ಡಾಕ್ಟರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. "ಅಮ್ಮಾರ, ಇಂವ ಬಾಣಂತಿ ಅಲ್ಲ. ಅಷ್ಟಕ್ಕೂ ಬಾಣಂತಿಗೂ ನೀರು ಬೇಕು" ಎಂದರು. ಗಾಯ ತೊಳೆದು, ಔಷಧ ಬರೆದು, ನಾನು ಪರೀಕ್ಷೆಯ ಮಾತೆತ್ತುವ ಮೊದಲೇ ಹೇಳಿದರು: "ಈ ಸಲ ಬಿಟ್ಟಬಿಡ್ರಿ. ಮುಂದಿನ ವರ್ಷ ಬರದ್ರಾತು."

ಮುಂದಿನ ವರ್ಷ ಎನ್ನುವುದು ನಮ್ಮಂಥವರ ಮನೆಯಲ್ಲಿ ಹೇಗಿರುತ್ತದೆ ಎಂದು ಅವರಿಗೆ ಹೇಗೆ ಹೇಳುವುದು? ನಮ್ಮ ಓಣಿಯಲ್ಲಿ ಒಂದು ವರ್ಷ ತಡೆದು ಮತ್ತೆ ಕಾಲೇಜಿಗೆ ಹೋದವರು ಯಾರೂ ಇಲ್ಲ. ಹಿಂದಕ್ಕೆ ಬರುವಾಗ ಟಂಟಂನ ಹಲಗೆಯ ಕಡೆಗೆ ಮುಖ ಮಾಡಿ ಅತ್ತೆ. ಅಳುವಾಗಲೂ ಕೈ ಹೊಲಿಗೆಯ ಮೇಲೆ ಇರಬೇಕಿತ್ತು. ಆಯಿ ನನ್ನ ತಲೆಯ ಬಟ್ಟೆ ಬಿಚ್ಚಿದಳು, ಕಿವಿಯ ಹತ್ತಿ ತೆಗೆದಳು, ನೀರಿನ ಬಾಟಲಿಯ ಮುಚ್ಚಳ ತಿರುವಿ ನನ್ನ ಬಾಯಿಗೆ ಹಿಡಿದಳು. ಮುಂಡರಗಿ ಬರುವತನಕ ಮತ್ತೆ ಮತ್ತೆ ಕುಡಿಸಿದಳು.

ಗಾಯ ಒಣಗುತ್ತ ಬಂತು, ಆದರೆ ನಿಧಾನ. ಪರೀಕ್ಷೆ ಮಾತ್ರ ನಿಧಾನ ಮಾಡಲಿಲ್ಲ. ಹಿಂದಿನ ಸಂಜೆ ಅಪ್ಪ ಬಂದು ಹೊರಸಿನ ಕಾಲ ಹತ್ತಿರ ನಿಂತ. "ನಾಳಿಗೆ ಹೋಗೂದು" ಎಂದ.

"ಡಾಕ್ಟರ್ ಮೆಟ್ಟಿಲಾ ಹತ್ತಬ್ಯಾಡ ಅಂದಾರ. ಪರೀಕ್ಷಾ ಖೋಲಿ ಮ್ಯಾಲಿನ ಮಾಳಗಿ ಮ್ಯಾಲೈತಿ ಅಪ್ಪಾ."

"ನೀ ಎಲ್ಲೆ ಹತ್ತತೀ? ನಾವು ಏರಸ್ತೀವಿ."

ಮುಂಜಾನೆ ಅಪ್ಪನ ಜೊತೆ ಮಾರ್ಕೆಟ್ಟಿನ ಇಬ್ಬರು ಹಮಾಲರು ಬಂದಿದ್ದರು, ತಲೆಗೆ ರುಮಾಲು ಸುತ್ತಿ, ಕೆಲಸಕ್ಕೆ ಹೊರಟವರಂತೆ. ಮನೆಯಿಂದ ಒಂದು ಗಟ್ಟಿ ಖುರ್ಚಿಯೂ ಟಂಟಂ ಏರಿತು. ಕಾಲೇಜಿನ ಅಂಗಳದಲ್ಲಿ ಹುಡುಗರು, ಹುಡುಗಿಯರು ಗುಂಪುಗುಂಪಾಗಿ ಕೊನೆಯ ಓದು ಓದುತ್ತಿದ್ದರು. ಅವರ ನಡುವೆ ನನ್ನನ್ನು ಖುರ್ಚಿಯಲ್ಲಿ ಕೂಡಿಸಿ, ಇಬ್ಬರು ಹಿಂದೆ, ಅಪ್ಪ ಮುಂದೆ, "ಹೂಂ, ಏಳ್ಲಿ!" ಎಂದು ಎತ್ತಿದರು. ಲಾರಿಗೆ ಚೀಲ ಏರಿಸುವಾಗ ಕೂಗುವ ಕೂಗೇ ಅದು. ಎಲ್ಲರೂ ತಿರುಗಿ ನೋಡಿದರು. ಯಾರೋ ಫೋನು ಎತ್ತಿ ಹಿಡಿದರು.

"ಏ, ಏನು ತಗೀತೀಲೇ? ಇಲ್ಲೆ ಬಂದು ಕೈ ಹಚ್ಚು!" ಎಂದು ಹಿಂದಿನ ಹಮಾಲ ಗದರಿಸಿದ. ಫೋನು ಕೆಳಗಿಳಿಯಿತು.

ನಾನು ಕಣ್ಣು ಮುಚ್ಚಿದೆ. ಮೂರು ವರ್ಷ ಇದೇ ಮೆಟ್ಟಿಲನ್ನು ಹಾರಿ ಹಾರಿ ಹತ್ತಿದವನು. ಅಪ್ಪನ ಏದುಸಿರು ನನ್ನ ಮೊಳಕಾಲಿಗೆ ತಾಗುತ್ತಿತ್ತು. ನನ್ನ ಕೈಯಲ್ಲಿ ಒಂದು ಪೆನ್ನು, ಅಷ್ಟೇ ನನ್ನ ಪಾಲಿನ ಭಾರ.

ಬರೆಯಲು ಕುಂತು ಸ್ವಲ್ಪ ಹೊತ್ತಿಗೆ ನೋವು ಶುರುವಾಯಿತು. ಒಂದು ಕೈ ಹೊಲಿಗೆಯ ಮೇಲೆ, ಒಂದು ಕೈ ಕಾಗದದ ಮೇಲೆ. ಕಾವಲಿಗಿದ್ದ ಮೇಡಮ್ಮು ಹತ್ತಿರ ಬಂದು, ಕೈ ಯಾಕೆ ಮೇಜಿನ ಕೆಳಗೆ ಎಂದು ಸಂಶಯದಿಂದ ಕೇಳಿದರು. ಹೇಳಿದೆ. ಅವರ ಮುಖ ಸಣ್ಣದಾಯಿತು.

"ಅಯ್ಯ, ಮೊದಲ ಒಂದು ಅರ್ಜಿ ಕೊಟ್ಟಿದ್ರ ಕೆಳಗಿನ ಖೋಲ್ಯಾಗ ಕುಂಡ್ರಸ್ತಿದ್ವಿ. ಯಾಕ ಕೇಳಲಿಲ್ಲ?"

ಯಾಕೆ ಕೇಳಲಿಲ್ಲ? ಇಡೀ ತಿಂಗಳು ಹೊರಸಿನ ಮೇಲೆ ಬಿದ್ದು ಎಲ್ಲ ವಿಚಾರ ಮಾಡಿದವನಿಗೆ ಕೇಳಬಹುದು ಎನ್ನುವುದು ಹೊಳೆದೇ ಇರಲಿಲ್ಲ. ಅಪ್ಪನಿಗಂತೂ ಸಾಧ್ಯವೇ ಇಲ್ಲ. ಭಾರ ಮೇಲೆ ಹೋಗಬೇಕು ಎಂದರೆ ಅವನಿಗೆ ಗೊತ್ತಿದ್ದದ್ದು ಎತ್ತುವುದು. ಕಾಲೇಜು ಎನ್ನುವುದು ನಮಗಾಗಿ ಒಂದು ಖೋಲಿ ಬದಲಿಸುತ್ತದೆ ಎಂದು ನಮ್ಮ ಮನೆಯಲ್ಲಿ ಯಾರಿಗೆ ತಿಳಿದಿತ್ತು? ಅಪ್ಪ ಅಮ್ಮ ಕಲಿತ ಮನೆಯ ಹುಡುಗರಿಗೆ ಇದು ಚಹಾ ಕುಡಿದಷ್ಟು ಸಹಜ. ಆ ಸಂಕಟದಲ್ಲಿ ಎರಡು ಪ್ರಶ್ನೆ ಬಿಟ್ಟುಹೋದವು.

ಮುಂದಿನ ಪೇಪರಿಗೆ ಕೆಳಗಿನ ಖೋಲಿ ಸಿಕ್ಕಿತು. ಆದರೂ ಇಬ್ಬರು ಹಮಾಲರು ಬಂದರು. ಎತ್ತಲು ಏನೂ ಇಲ್ಲದೆ ಕೈ ಕಟ್ಟಿಕೊಂಡು ಅಂಗಳದ ಗಿಡದ ಕೆಳಗೆ ಕುಂತು ಶೇಂಗಾ ತಿಂದರು. ನಾನು ಕಿಟಕಿಯಿಂದ ಅವರನ್ನು ನೋಡುತ್ತ ಬರೆದೆ.

ಪಾಸಾದೆ. ದೊಡ್ಡ ಅಂಕ ಏನಲ್ಲ. ನಮ್ಮ ಓಣಿಯಲ್ಲಿ ಅದೇ ಮೊದಲ ಡಿಗ್ರಿ, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಸರ್ಟಿಫಿಕೇಟು ಯುನಿವರ್ಸಿಟಿಯಿಂದ ಕಾಲೇಜಿಗೆ ಬರಲು ಬಹಳ ದಿನ ಹಿಡಿಯಿತು. ಆ ಹೊತ್ತಿಗೆ ಗಾಯ ಮಾದು ಬರೀ ಗೆರೆಯಾಗಿತ್ತು. ಆದರೂ ಅದನ್ನು ತರಲು ಬಸ್ಸಿನಲ್ಲಿ ಗದಗಿಗೆ ಹೋಗುವಾಗ ನನ್ನ ಚೀಲವನ್ನು ಅಪ್ಪನೇ ಹಿಡಿದುಕೊಂಡಿದ್ದ. ಎಷ್ಟು ಕೇಳಿದರೂ ಕೊಡಲಿಲ್ಲ.

ಆಫೀಸಿನ ಕಿಟಕಿಯಲ್ಲಿ ಕ್ಲಾರ್ಕು ನನ್ನ ಸಹಿ ಹಾಕಿಸಿಕೊಂಡು ಸರ್ಟಿಫಿಕೇಟು ಕೈಗೆ ಕೊಟ್ಟರು. ನಾನು ಅದನ್ನು ನೋಡುವ ಮೊದಲೇ ಅಪ್ಪನ ಕಡೆ ಚಾಚಿದೆ. ಅಪ್ಪ ಚೀಲ ಕೆಳಗಿಟ್ಟ. ಎರಡೂ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ. ಮತ್ತೊಮ್ಮೆ ಒರೆಸಿಕೊಂಡ. ಕೈ ಮುಂದೆ ತಂದವನು ಹಿಂದಕ್ಕೆ ತೆಗೆದುಕೊಂಡ.

"ಬ್ಯಾಡೋ, ನೀನ ಹಿಡಿ" ಎಂದ. "ಇಷ್ಟ ಹಗರಂದು ಹಿಡದು ನನ್ನ ಕೈಗೆ ರೂಢಿಲ್ಲ."