ಬೆಂದ ಅರಿಸಿನದ ಪಾಠ

ಬೇಸಿಗೆ ರಜೆ ಮುಗಿಯುವ ಮುಂಚೆ ನಮ್ಮಂಥ ಹೊಸ ಮೇಷ್ಟರುಗಳನ್ನು ಚಾಮರಾಜನಗರಕ್ಕೆ ಕರೆಸಿ ಐದು ದಿನ ತರಬೇತಿ ಕೊಟ್ಟರು. ಐವತ್ತರ ದಶಕ, ಚಟುವಟಿಕೆಯಿಂದಲೇ ಕಲಿಸಬೇಕೆಂಬ ಗಾಳಿ ಎದ್ದಿತ್ತು. ಮಕ್ಕಳಿಗೆ ಭಾಷಣ ಬಿಗಿಯಬಾರದು ಎಂಬ ವಿಷಯದ ಮೇಲೆ ಸಾಹೇಬರೊಬ್ಬರು ಮೂರು ಗಂಟೆ ಭಾಷಣ ಬಿಗಿದರು. ಉಕ್ತಲೇಖನ ಬರೆಸುತ್ತಾ ಕೂರಬೇಡಿ ಎಂಬುದನ್ನು ಉಕ್ತಲೇಖನವಾಗಿಯೇ ಬರೆಸಿದರು. ‘ಪ್ರಶ್ನೆ ಕೇಳುವ ಮಗುವಿಗೆ ಶಭಾಷ್ ಅನ್ನಿ’ ಎಂದು ನಾನೂ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ.

ಶಾಲೆ ತೆರೆದ ಮೊದಲ ವಾರಕ್ಕೆ ಸಾಹೇಬರು ಸೂಚಿಸಿದ ಚಟುವಟಿಕೆ ತೋಟ. ಪ್ರತಿ ಮಗುವೂ ಒಂದು ಗಿಡ ಬೆಳೆಸಿ, ವಾರಕ್ಕೊಮ್ಮೆ ಎತ್ತರ ಅಳೆದು ಬರೆಯಬೇಕು. ನನ್ನ ಹೈಸ್ಕೂಲು ಇದ್ದುದು ತೆರಕಣಾಂಬಿ ಕಡೆ, ಸುತ್ತ ಅರಿಸಿನ ಬೆಳೆಯುವ ಸೀಮೆ. ನಾನೋ ಮೈಸೂರಿನ ಬೀದಿಯಲ್ಲಿ ಬೆಳೆದವನು. ಅರಿಸಿನವನ್ನು ಅಡುಗೆಮನೆಯ ಡಬ್ಬಿಯಲ್ಲಿ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ. ಚಾಮರಾಜನಗರದ ಪೇಟೆಯಲ್ಲಿ ಮಕ್ಕಳಿಂದ ನೆಡಿಸಲೆಂದು ಒಳ್ಳೆಯ ಒಣಕೊಂಬು ಆರಿಸಿ, ಎರಡು ಸೇರು ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ತರಗತಿಯಲ್ಲಿ ಕೊಂಬು ಹಂಚಿದಾಗ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತರಗತಿಗೆ ಇದ್ದವಳು ಒಬ್ಬಳೇ ಹುಡುಗಿ, ಪಕ್ಕದ ಹಳ್ಳಿಯ ರೈತನ ಮಗಳು. ಅವಳು ಎದ್ದು ನಿಂತಳು.

“ಇದು ಬೇಯ್ಸಿರೋ ಅರಿಸ್ನ ಸಾ. ಮೊಳ್ಕೆ ಬರಾಕಿಲ್ಲ.”

ಪಾಠ ಹೇಳುವವರು ನೀನೋ ನಾನೋ ಎಂದು ಗದರಿ, ಗಂಟೆ ಹೊಡೆಯುವವರೆಗೆ ಅವಳನ್ನು ಆಚೆ ಬಿಸಿಲಲ್ಲಿ ನಿಲ್ಲಿಸಿದೆ. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ಹೇಳಿದರೆ ನಾಚಿಕೆ, ಒಂದು ತಲೆನೋವು ತಪ್ಪಿತು ಅಂದುಕೊಂಡೆ.

ಶಾಲೆಯ ಹಿತ್ತಲಲ್ಲಿ ಮಡಿ ಮಾಡಿ ಕೊಂಬು ನೆಟ್ಟು, ಮೂರು ವಾರ ಹುಡುಗರು ಭಕ್ತಿಯಿಂದ ನೀರು ಹೊಯ್ದರು. ಅಷ್ಟು ಹೊತ್ತು ಲೆಕ್ಕದ ಪಾಠ ತಪ್ಪುತ್ತಿತ್ತಲ್ಲ. ಪ್ರತಿ ಶನಿವಾರ ಅಡಿಕೋಲು ಹಿಡಿದು ಬರಿ ಮಣ್ಣು ಅಳೆದು, ಪುಸ್ತಕದಲ್ಲಿ ‘ಎತ್ತರ: ಸೊನ್ನೆ’ ಎಂದು ದುಂಡಗೆ ಬರೆದು ತರುತ್ತಿದ್ದರು. ನಾನು ಕೆಂಪು ಶಾಯಿಯಲ್ಲಿ ರುಜು ಹಾಕುತ್ತಿದ್ದೆ. ಕೊನೆಗೆ ಶಾಲೆಯ ಜವಾನ ನನ್ನ ಪಾಡು ನೋಡಲಾರದೆ ಗುಟ್ಟು ಬಿಟ್ಟುಕೊಟ್ಟ. ಅಂಗಡಿಯ ಅರಿಸಿನವನ್ನು ಕೊಪ್ಪರಿಗೆಯಲ್ಲಿ ಕುದಿಸಿಯೇ ಒಣಗಿಸುವುದಂತೆ. ಈ ಸೀಮೆಯಲ್ಲಿ ಅದು ಹಾಲುಗಲ್ಲದ ಮಕ್ಕಳಿಗೂ ಗೊತ್ತು, ಬಿ.ಎ. ಓದಿದ ನನಗೊಬ್ಬನಿಗೆ ಗೊತ್ತಿಲ್ಲ.

ಮಡಿಯಿಂದ ಕೊಳೆತ ಕೊಂಬೊಂದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹುಡುಗಿಯ ಮನೆಗೆ ನಡೆದೆ. ಜಗಲಿಯ ಮೂಲೆಯಲ್ಲಿ, ನೆಟ್ಟು ಮಿಕ್ಕಿದ ಬಿತ್ತನೆ ಗೆಡ್ಡೆಗಳು ಹುಲ್ಲಿನೊಳಗಿಂದಲೇ ಮೊಳಕೆ ಚಾಚಿದ್ದವು. ಅವಳ ಅಪ್ಪ ನನ್ನನ್ನು ಕಂಡವನೇ ಕೈಮುಗಿದು, ಕ್ಷಮಿಸಬೇಕು ಎಂದ. “ಮೇಷ್ಟ್ರಿಗೇ ಎದ್ರಾಡವ್ಳೆ ಸ್ವಾಮಿ. ಅದ್ಕೇ ಇಸ್ಕೂಲು ಬುಡಿಸ್ಬುಟ್ಟೆ.”

ತಪ್ಪು ಅವಳದಲ್ಲ ಅಂದೆ. ಅವನು ನಂಬಲಿಲ್ಲ, ಮೇಷ್ಟರು ದೊಡ್ಡತನದಿಂದ ಹಾಗನ್ನುತ್ತಿದ್ದಾರೆ ಎಂದು ಮತ್ತೊಮ್ಮೆ ಕೈಮುಗಿದ. ಆ ಗೌರವವೇ ಅವಳ ಓದನ್ನು ನುಂಗುತ್ತಿತ್ತು. ಬೇರೆ ದಾರಿ ಕಾಣದೆ ಜೇಬಿನ ಕೊಂಬು ತೆಗೆದು ಅವನ ಕೈಗಿಟ್ಟೆ. ಮುರಿದು ಮೂಸಿ ನೋಡಿದ.

“ಬೇಯ್ಸಿದ್ದು ಸ್ವಾಮಿ ಇದು. ಯಾವ ದಡ್ಡ ನೆಟ್ಟವ್ನೆ ಇದ?”

ನಾನೇ ಅಂದೆ. ಅವನು ಹೆಗಲ ಟವೆಲನ್ನು ಬಾಯಿಗೆ ಅಡ್ಡ ಹಿಡಿದುಕೊಂಡ. ಭುಜ ಮಾತ್ರ ಕುಲುಕುತ್ತಿತ್ತು.

ಮರುದಿನ ಹುಡುಗಿ ಶಾಲೆಗೆ ಬಂದಳು. ತರಗತಿಯ ಮುಂದೆಯೇ ತಪ್ಪೊಪ್ಪಿಕೊಂಡು, ಅರಿಸಿನ ನೆಡುವುದು ಹೇಗೆಂದು ನೀನೇ ಎಲ್ಲರಿಗೂ ಹೇಳಿಕೊಡಮ್ಮ ಎಂದೆ. ಒಳಗೊಳಗೇ ಹಿಗ್ಗು ಬೇರೆ. ಸಾಹೇಬರು ಇದನ್ನು ನೋಡಬೇಕಿತ್ತು ಅನ್ನಿಸಿತು. ಅವಳು ಎದ್ದಳು. ಮುಖದಲ್ಲಿ ಕೀಟಲೆಯ ಸುಳಿವೂ ಇರಲಿಲ್ಲ. ನಿಜವಾಗಿ ತಿಳಿಯದೆಯೇ ಕೇಳಿದಳು.

“ಒಳ್ಗೇ ನಿಂತ್ಕಂಡು ಯೋಳ್ಲಾ ಸಾ, ಇಲ್ಲ ಆಚ್ಗೋಗಿ ನಿಂತ್ಕಂಡು ಯೋಳ್ಲಾ?”